ಯುಗಾಂಡಾದ ಕಿಡೆಪೊ ಕಾಡಿಗೆ ಅಪ್ಪನ ಜೊತೆ ಫೆಬ್ರವರಿಯಲ್ಲಿ ಹೋಗಬೇಕು, ಹೋಗಿ ಬಂದವರು ದಯವಿಟ್ಟು ಹೇಳಿ

ಕಾಡುಪಾಪ_ಮೈಸೂರು:

ಎಲ್ಲರಿಗೂ ನಮಸ್ಕಾರ. ಬರುವ ಫೆಬ್ರವರಿಯಲ್ಲಿ ಹನ್ನೆರಡು ದಿನ ರಜೆ ಸಿಗುತ್ತಿದೆ. ಅಪ್ಪನನ್ನು ಒಂದು ಸಲ ಆಫ್ರಿಕಾಕ್ಕೆ ಕರೆದುಕೊಂಡು ಹೋಗಬೇಕು ಅಂತ ಬಹಳ ವರ್ಷದ ಆಸೆ. ಅಪ್ಪನಿಗೆ ಈಗ 68. ಹುಣಸೂರು ಕಡೆ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು, ನಾಗರಹೊಳೆ ಅವರಿಗೆ ಮನೆ ಹಿತ್ತಲಿದ್ದ ಹಾಗೆ. ಮಸಾಯಿ ಮಾರಾ ಫೋಟೊ ತೋರಿಸಿದೆ. ಒಂದು ಸಿಂಹದ ಸುತ್ತ ಇಪ್ಪತ್ತು ಜೀಪು ನಿಂತಿದ್ದು ನೋಡಿ "ಇದಕ್ಕೆ ಅಷ್ಟು ದೂರ ಯಾಕೆ, ಕಬಿನಿಯಲ್ಲೇ ಇದೆಯಲ್ಲ" ಅಂದರು. ಆಮೇಲೆ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಕಿಡೆಪೊ ವ್ಯಾಲಿ. ಯುಗಾಂಡಾದ ಈಶಾನ್ಯ ಮೂಲೆ, ಒಂದು ಕಡೆ ದಕ್ಷಿಣ ಸುಡಾನ್ ಗಡಿ, ಇನ್ನೊಂದು ಕಡೆ ಸ್ವಲ್ಪ ದೂರದಲ್ಲೇ ಕೀನ್ಯ.

ನನ್ನ ಪ್ರಶ್ನೆಗಳು ಇಷ್ಟು. ಕಂಪಾಲದಿಂದ ರಸ್ತೆಯಲ್ಲಿ ಹೋಗುವುದಾ, ಸಣ್ಣ ವಿಮಾನದಲ್ಲಾ? ಎಷ್ಟು ರಾತ್ರಿ ಉಳಿದರೆ ಸಾಕು? ಇದೇ ಪ್ರವಾಸದಲ್ಲಿ ಬ್ವಿಂಡಿಗೆ ಹೋಗಿ ಗೊರಿಲ್ಲಾ ಕೂಡ ನೋಡಬಹುದಾ? ಅಪ್ಪ ಸಸ್ಯಾಹಾರಿ, ಶುಗರ್ ಇದೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ನಡೆಯುವುದಕ್ಕೆ ತೊಂದರೆ ಇಲ್ಲ, ದಿನಾ ಬೆಳಗ್ಗೆ ನಾಲ್ಕು ಕಿಲೋಮೀಟರ್ ನಡೆಯುತ್ತಾರೆ. ಟ್ರಾವೆಲ್ ಏಜೆಂಟರು ಕೊಡುವ ಪಟ್ಟಿಯಲ್ಲಿ ಕಿಡೆಪೊಗೆ ಎರಡೇ ರಾತ್ರಿ ಹಾಕುತ್ತಾರೆ. ಅದು ಸಾಕಾ?

ದೂರದಾರಿ:

ಸಾಲುವುದಿಲ್ಲ. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ.

ನಾನು, ನನ್ನ ಹೆಂಡತಿ ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲೇ ಹೋಗಿದ್ದೆವು. ನಾಲ್ಕು ರಾತ್ರಿ ಇದ್ದೆವು. ಕಂಪಾಲದಿಂದ ಗುಲು, ಕಿಟ್ಗುಮ್ ಮೇಲೆ ಹೋದರೆ ಸುಮಾರು 570 ಕಿಲೋಮೀಟರ್. ಕಿಟ್ಗುಮ್ ತನಕ ಡಾಂಬರು ಚೆನ್ನಾಗಿದೆ. ಆಮೇಲೆ ಮಣ್ಣಿನ ದಾರಿ, ಅಲ್ಲಿ ಗಾಡಿ ಕುಣಿಯುತ್ತದೆ. ಒಂದೇ ದಿನದಲ್ಲಿ ಓಡಿಸುವವರು ಇದ್ದಾರೆ, ಬೆಳಗಿನ ಜಾವ ಹೊರಟರೆ ಹತ್ತು ಹನ್ನೆರಡು ಗಂಟೆ. ನಿಮ್ಮ ತಂದೆ ಜೊತೆಗಿದ್ದರೆ ಹಾಗೆ ಮಾಡಬೇಡಿ. ಗುಲುವಿನಲ್ಲಿ ಒಂದು ರಾತ್ರಿ ನಿಲ್ಲಿ. ದಾರಿಯಲ್ಲಿ ನಕಸೊಂಗೊಲಾ ಹತ್ತಿರ ಜೀವಾ ಖಡ್ಗಮೃಗ ಧಾಮ ಸಿಗುತ್ತದೆ, ಅಲ್ಲಿ ರೇಂಜರ್ ಜೊತೆ ನಡೆದುಕೊಂಡೇ ಹೋಗಿ ಬಿಳಿ ಖಡ್ಗಮೃಗ ನೋಡಬಹುದು. ಯುಗಾಂಡಾದಲ್ಲಿ ಖಡ್ಗಮೃಗದ ಸಂತತಿಯೇ ಬೇಟೆಯಿಂದ ಅಳಿಸಿಹೋಗಿತ್ತು, ಈ ಧಾಮದಲ್ಲಿ 2005ರಿಂದ ಹೊರಗಿನಿಂದ ಆರು ಖಡ್ಗಮೃಗ ತಂದು ಮತ್ತೆ ಬೆಳೆಸಿದರು. ಮೇಷ್ಟ್ರಿಗೆ ಇಷ್ಟವಾಗುತ್ತದೆ.

ಗೊರಿಲ್ಲಾ ಬಿಟ್ಟುಬಿಡಿ. ಬ್ವಿಂಡಿ ಇರುವುದು ನೈಋತ್ಯ ಮೂಲೆಯಲ್ಲಿ, ಕಿಡೆಪೊ ಈಶಾನ್ಯದಲ್ಲಿ. ನಡುವೆ ಇಡೀ ದೇಶ ಇದೆ. ಎರಡನ್ನೂ ಹಿಡಿಯಲು ಹೋದರೆ ಹನ್ನೆರಡು ದಿನದಲ್ಲಿ ಅರ್ಧ ಗಾಡಿಯಲ್ಲೇ ಕಳೆಯುತ್ತದೆ. ಒಬ್ಬರಿಗೆ 800 ಡಾಲರ್ ಪರ್ಮಿಟ್ ಬೇರೆ. ಅದರ ಬದಲು ವಾಪಸ್ ಬರುವಾಗ ಮರ್ಚಿಸನ್ ಜಲಪಾತದ ಕಾಡಿನಲ್ಲಿ ಎರಡು ರಾತ್ರಿ ಇರಿ, ದಾರಿಗೆ ಹತ್ತಿರ. ನೈಲ್ ನದಿ ಬಂಡೆಯ ಸಂದಿಯಲ್ಲಿ ನುಗ್ಗಿ ಬೀಳುವುದನ್ನು ಮೇಲೆ ನಿಂತು ನೋಡಿದರೆ ಕಾಲಡಿಯ ನೆಲ ನಡುಗುತ್ತದೆ.

ಈಗ ಕಿಡೆಪೊ ವಿಷಯ. ಈ ಕಾಡಿನಲ್ಲಿ ಎರಡು ಕಣಿವೆ. ನರುಸ್ ಅಂತ ಒಂದು, ಕಿಡೆಪೊ ಅಂತ ಇನ್ನೊಂದು. ಪೂರ್ತಿ 1,442 ಚದರ ಕಿಲೋಮೀಟರ್ ಕಾಡಿನಲ್ಲಿ ಬೇಸಿಗೆಗೆ ನೀರು ನಿಲ್ಲುವುದು ಹೆಚ್ಚುಕಡಿಮೆ ನರುಸ್ ಕಣಿವೆಯಲ್ಲಿ ಮಾತ್ರ. ನವೆಂಬರಿನಿಂದ ಮಾರ್ಚ್ ತನಕ ಮಳೆ ಇಲ್ಲ, ಆಗ ಪ್ರಾಣಿಗಳೆಲ್ಲ ಆ ಗುಂಡಿಗಳ ಸುತ್ತ ಬಂದು ಸೇರುತ್ತವೆ. ಹಾಗಾಗಿ ಫೆಬ್ರವರಿ ಸರಿಯಾದ ತಿಂಗಳು. ಉರಿ ಬಿಸಿಲು, ಹುಲ್ಲು ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಕೆಲವು ಕಡೆ ಸುಟ್ಟು ಕಪ್ಪಾಗಿರುತ್ತದೆ. ಫೋಟೊಗೆ ಹಸಿರು ಬೇಕು ಅನ್ನುವವರಿಗೆ ಬೇಜಾರಾಗಬಹುದು, ಪ್ರಾಣಿ ನೋಡಬೇಕು ಅನ್ನುವವರಿಗೆ ಇದೇ ಕಾಲ.

ನಾನು ಮರೆಯದ ಒಂದು ಬೆಳಗ್ಗೆ ಹೇಳುತ್ತೇನೆ. ಆರೂವರೆ ಗಂಟೆ. ಕಣಿವೆಯ ನಡುವೆ ಒಂದು ದೊಡ್ಡ ಬಂಡೆ, ಅದರ ನೆತ್ತಿಯ ಮೇಲೆ ಎರಡು ಹೆಣ್ಣು ಸಿಂಹ ಮಲಗಿದ್ದವು. ಕೆಳಗೆ ಕಾಡೆಮ್ಮೆಗಳ ಹಿಂಡು ಸಾಗುತ್ತಿತ್ತು. ಎಣಿಸಲು ಹೋದೆ, ಮುನ್ನೂರರ ಹತ್ತಿರ ಬಂದಾಗ ಧೂಳು ಎದ್ದು ಲೆಕ್ಕ ತಪ್ಪಿತು. ಸಿಂಹಗಳು ಎದ್ದು ಕೂಡ ನೋಡಲಿಲ್ಲ, ಒಂದರ ಕಿವಿ ಮಾತ್ರ ಆ ಕಡೆ ತಿರುಗಿತು. ಒಂದೂವರೆ ಗಂಟೆ ಅಲ್ಲೇ ನಿಂತಿದ್ದೆವು. ಇನ್ನೊಂದು ಗಾಡಿ ಬರಲಿಲ್ಲ. ಇಂಜಿನ್ ಆಫ್ ಮಾಡಿದರೆ ಕಾಡೆಮ್ಮೆಗಳು ಹುಲ್ಲು ಕಿತ್ತು ಅಗಿಯುವ ಸದ್ದು ಅಷ್ಟು ದೂರದಿಂದ ಕೇಳುತ್ತಿತ್ತು. ಎರಡು ರಾತ್ರಿಯ ಪ್ರವಾಸದಲ್ಲಿ ಬಂದವರಿಗೆ ಆ ಒಂದೂವರೆ ಗಂಟೆ ಸಿಗುವುದಿಲ್ಲ, ಡ್ರೈವರ್ ಗಡಿಯಾರ ನೋಡುತ್ತಿರುತ್ತಾನೆ.

ಇನ್ನೊಂದು ದಿನ ಇಟ್ಟುಕೊಂಡು ಕಿಡೆಪೊ ಕಣಿವೆಗೂ ಹೋಗಿ. ಆ ನದಿಯಲ್ಲಿ ಫೆಬ್ರವರಿಯಲ್ಲಿ ನೀರು ಇರುವುದಿಲ್ಲ, ಅಗಲವಾದ ಬಿಳಿ ಮರಳು, ಎರಡೂ ದಂಡೆಯಲ್ಲಿ ತಾಳೆ ಮರಗಳ ಸಾಲು. ನಮ್ಮ ತಾಟಿನಿಂಗಿನ ಮರದ ಆಫ್ರಿಕದ ದಾಯಾದಿ ಅದು. ಆ ಹಣ್ಣು ಆರಿಸಲು ಜನ ಬರುತ್ತಿದ್ದರು, ಅಲ್ಲಿನ ದೊಡೊತ್ ಮಾತಿನಲ್ಲಿ ಆರಿಸುವುದಕ್ಕೆ 'ಅಕಿಡೆಪ್' ಅನ್ನುತ್ತಾರಂತೆ, ಅದರಿಂದಲೇ ಕಿಡೆಪೊ ಅಂತ ಹೆಸರು ಬಂತು ಅಂತ ನಮ್ಮ ರೇಂಜರ್ ಹೇಳಿದರು. ಆಚೆಗೆ ಕನಂಗೊರೊಕ್ ಅಂತ ಬಿಸಿನೀರಿನ ಬುಗ್ಗೆಗಳಿವೆ, ಅಲ್ಲಿ ನಿಂತರೆ ಎದುರಿಗಿರುವ ಬೆಟ್ಟ ದಕ್ಷಿಣ ಸುಡಾನಿನದು. ಉಷ್ಟ್ರಪಕ್ಷಿ ನಮಗೆ ಸಿಕ್ಕಿದ್ದು ಆ ಕಡೆಯೇ.

ಡಾಕ್ಟರಮ್ಮ_ದಾವಣಗೆರೆ:

ನಾನು ಕಿಡೆಪೊ ನೋಡಿಲ್ಲ. ಆದರೆ ನಿಮ್ಮ ತಂದೆಯ ವಯಸ್ಸು ಓದಿ ಸುಮ್ನೆ ಇರಲು ಆಗಲಿಲ್ಲ. ಟಿಕೆಟ್ ಬುಕ್ ಮಾಡುವ ಮೊದಲು ಇದನ್ನು ಓದಿ.

ಯುಗಾಂಡಾಗೆ ಹೋಗಲು ಹಳದಿ ಜ್ವರದ ಲಸಿಕೆ ಬೇಕೇ ಬೇಕು. ಅಲ್ಲಿ ಇಳಿಯುವಾಗ ಹಳದಿ ಕಾರ್ಡ್ ಕೇಳುತ್ತಾರೆ, ಅದಕ್ಕಿಂತ ಗಟ್ಟಿಯಾಗಿ ನಮ್ಮ ದೇಶಕ್ಕೆ ವಾಪಸ್ ಬರುವಾಗ ಕೇಳುತ್ತಾರೆ. ಕಾರ್ಡ್ ಇಲ್ಲದಿದ್ದರೆ ಆರು ದಿನದ ತನಕ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿಕೊಂಡ ಹತ್ತು ದಿನದ ನಂತರವೇ ಕಾರ್ಡ್ ಲೆಕ್ಕಕ್ಕೆ ಬರುತ್ತದೆ. 2016ರಿಂದ ಒಂದು ಸಲ ಹಾಕಿಸಿಕೊಂಡರೆ ಜೀವನಪೂರ್ತಿ ನಡೆಯುತ್ತದೆ. ಎಲ್ಲ ಆಸ್ಪತ್ರೆಯಲ್ಲೂ ಇದು ಸಿಗುವುದಿಲ್ಲ, ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ. ವಾರದಲ್ಲಿ ಕೆಲವೇ ದಿನ ಕೊಡುವ ಕೇಂದ್ರಗಳೂ ಇವೆ, ಫೋನ್ ಮಾಡಿಕೊಂಡು ಹೋಗಿ.

ಮುಖ್ಯ ವಿಷಯ ಮುಂದಿದೆ. ಇದು ಜೀವಂತ ವೈರಸ್ಸಿನ ಲಸಿಕೆ. ಅರವತ್ತು ದಾಟಿದವರು ಮೊದಲ ಸಲ ಹಾಕಿಸಿಕೊಂಡಾಗ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಚಿಕ್ಕವರಿಗಿಂತ ಜಾಸ್ತಿ. ಆದರೂ ಅದು ಬಹಳ ಅಪರೂಪ, ಹೆದರಿ ಪ್ರವಾಸ ಬಿಡಿ ಅಂತ ನಾನು ಹೇಳುತ್ತಿಲ್ಲ. ಸಕ್ಕರೆ ಕಾಯಿಲೆ ಒಂದರಿಂದಲೇ ಲಸಿಕೆ ಬೇಡ ಅನ್ನುವುದಿಲ್ಲ. ಆದರೆ ಥೈಮಸ್ ಗ್ರಂಥಿಯ ತೊಂದರೆ ಇದ್ದಿದ್ದರೆ, ಕ್ಯಾನ್ಸರಿಗೆ ಚಿಕಿತ್ಸೆ ಆಗಿದ್ದರೆ, ಸ್ಟೀರಾಯ್ಡ್ ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನಡೆಯುತ್ತಿದ್ದರೆ, ಮೊಟ್ಟೆಗೆ ಜೋರು ಅಲರ್ಜಿ ಇದ್ದರೆ ಮೊದಲೇ ಹೇಳಬೇಕು. ನೀವು ಕಾಡು ಆರಿಸಿದ್ದೀರಿ, ಕಾಲ ಆರಿಸಿದ್ದೀರಿ, ಇದಕ್ಕೂ ಒಂದು ದಿನ ಕೊಡಿ. ಅವರನ್ನು ನೋಡಿಕೊಳ್ಳುವ ಡಾಕ್ಟರ ಹತ್ತಿರ ಹಳೆ ಚೀಟಿಗಳನ್ನೆಲ್ಲ ತೆಗೆದುಕೊಂಡು ಹೋಗಿ, ಕೂತು ಮಾತಾಡಿ. ಹೊರಡುವ ಹಿಂದಿನ ವಾರ ಅಲ್ಲ, ಎರಡು ತಿಂಗಳು ಮೊದಲು.

ಮಲೇರಿಯಾ ಮಾತ್ರೆಯೂ ಬೇಕು. ಡಾಕ್ಸಿಸೈಕ್ಲಿನ್ ಅಗ್ಗ, ಆದರೆ ಬಿಸಿಲಿಗೆ ಚರ್ಮ ಸುಡುತ್ತದೆ, ವಾಪಸ್ ಬಂದ ಮೇಲೂ ನಾಲ್ಕು ವಾರ ನುಂಗಬೇಕು. ಅಟೋವಕ್ವೋನ್ ಪ್ರೊಗ್ವಾನಿಲ್ ಬೆಲೆ ಜಾಸ್ತಿ, ಬಂದ ಮೇಲೆ ಏಳು ದಿನ ಸಾಕು. ಯಾವುದು ಅಂತ ಅವರ ಬೇರೆ ಮಾತ್ರೆಗಳನ್ನು ನೋಡಿ ಡಾಕ್ಟರೇ ಹೇಳಬೇಕು. ಬಂದ ಮೇಲೆ ಮೂರು ತಿಂಗಳೊಳಗೆ ಜ್ವರ ಬಂದರೆ "ಯುಗಾಂಡಾಗೆ ಹೋಗಿದ್ದೆವು" ಅಂತ ಮೊದಲ ವಾಕ್ಯದಲ್ಲೇ ಹೇಳಿ. ಇದನ್ನು ಹೇಳದೆ ನಾಲ್ಕು ದಿನ ಪ್ಯಾರಸಿಟಮಾಲ್ ನುಂಗಿ ಬಂದವರನ್ನು ನಾನು ನೋಡಿದ್ದೇನೆ.

ಎರೆಹೊಲ_ಗದಗ:

ನಾನು ಹೋಗಿದ್ದು ಆಗಸ್ಟಿನಲ್ಲಿ. ಆಫೀಸಿನಲ್ಲಿ ಆಗ ಮಾತ್ರ ರಜೆ ಸಿಕ್ಕಿತ್ತು. ಮಳೆಗಾಲ ಅಂತ ಗೊತ್ತಿತ್ತು, ಆದರೂ ಹೋದೆವು. ಕಾಡು ಹಸಿರೋ ಹಸಿರು, ಹುಲ್ಲು ಆಳೆತ್ತರ. ಆ ಹುಲ್ಲಿನೊಳಗೆ ಸಿಂಹ ಹತ್ತು ಅಡಿ ದೂರ ಮಲಗಿದ್ದರೂ ಕಾಣುವುದಿಲ್ಲ.

ನರುಸ್ ಕಣಿವೆಯ ನೆಲ ನಮ್ಮ ಗದಗ, ಧಾರವಾಡದ ಎರೆಮಣ್ಣು ಇದ್ದಂಗೆ. ಒಣಗಿದಾಗ ಬಿರುಕು, ಒಂದು ಮಳೆ ಬಿದ್ದರೆ ಅಂಟು. ಎರೆ ಹೊಲದಲ್ಲಿ ಹುಟ್ಟಿ ಬೆಳೆದವನಿಗೆ ನೋಡಿದ ತಕ್ಷಣ ಗೊತ್ತಾಯಿತು, ಡ್ರೈವರಿಗೂ ಹೇಳಿದೆ, ಇದರೊಳಗೆ ಇಳಿಸಬೇಡ ಅಂತ. ಇಳಿಸಿದ. ನಾಲ್ಕೂ ಚಕ್ರ ಅಚ್ಚಿನ ತನಕ ಹೂತುಹೋಯಿತು. ಬಾಡಿಗೆ ಕೊಟ್ಟ ಕಂಪನಿಯವರು ಹಗ್ಗ ಇದೆ, ಸಲಿಕೆ ಇದೆ, ಎರಡು ಸ್ಟೆಪ್ನಿ ಇದೆ ಅಂತ ಹೇಳಿದ್ದರು. ತೆಗೆದು ನೋಡಿದರೆ ಒಂದೇ ಸ್ಟೆಪ್ನಿ, ಅದರಲ್ಲೂ ಗಾಳಿ ಇಲ್ಲ, ಸಲಿಕೆ ಇಲ್ಲವೇ ಇಲ್ಲ. ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ಜೊತೆಗೆ ಬಂದಿದ್ದ ರೇಂಜರ್ ಹತ್ತಿರ ವೈರ್‌ಲೆಸ್ ಇತ್ತು, ಅದರಿಂದ ಬದುಕಿದೆವು. ಮೂರೂವರೆ ತಾಸು ಕಾದ ಮೇಲೆ ಪಾರ್ಕಿನ ಟ್ರ್ಯಾಕ್ಟರ್ ಬಂದು ಎಳೆಯಿತು.

ನೀವು ಫೆಬ್ರವರಿಯಲ್ಲಿ ಹೋಗುತ್ತೀರಿ, ಕೆಸರಿನ ಚಿಂತೆ ಇಲ್ಲ. ಆದರೂ ಗಾಡಿ ಹತ್ತುವ ಮೊದಲು ಕಂಪಾಲದಲ್ಲೇ ಹಿಂದಿನ ಬಾಗಿಲು ತೆಗೆಸಿ, ಜಾಕ್, ಸ್ಟೆಪ್ನಿ, ಹಗ್ಗ, ನೀರಿನ ಕ್ಯಾನ್ ಎಲ್ಲ ಕಣ್ಣಾರೆ ನೋಡಿ. ಸ್ಟೆಪ್ನಿಯ ಗಾಳಿ ಕೈಯಿಂದ ಒತ್ತಿ ನೋಡಿ. ಕಿಟ್ಗುಮ್ಮಿನಲ್ಲಿ ಡೀಸೆಲ್ ಟ್ಯಾಂಕ್ ತುಂಬಿಸಿ, ಒಳಗೆ ಸುತ್ತಾಡಲು ಕ್ಯಾನಿನಲ್ಲೂ ಹಾಕಿಸಿ. ದುಡ್ಡು ಕೂಡ ಅಲ್ಲೇ ತೆಗೆದುಕೊಳ್ಳಿ. ಹಳೆಯ ಡಾಲರ್ ನೋಟು ಒಯ್ಯಬೇಡಿ, ತೆಗೆದುಕೊಳ್ಳುವುದಿಲ್ಲ ಅಂತಾರೆ. ರೇಂಜರನ್ನು ಮಾತ್ರ ದಿನಾ ಕರೆದುಕೊಂಡು ಹೋಗಿ, ಸ್ವಂತ ಗಾಡಿ ಇದ್ದರೂ ಸರಿ. ಅವರ ಕಣ್ಣು ನಮ್ಮ ದುರ್ಬೀನಿಗಿಂತ ಚುರುಕು.

ಕಾಡುಪಾಪ_ಮೈಸೂರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಾಕ್ಟರಮ್ಮ, ಲಸಿಕೆಯ ವಿಷಯ ನನಗೆ ಗೊತ್ತೇ ಇರಲಿಲ್ಲ, ಎಲ್ಲರಿಗೂ ಹಾಕುವ ಸಾಮಾನ್ಯ ಇಂಜೆಕ್ಷನ್ ಅಂದುಕೊಂಡಿದ್ದೆ. ಸೋಮವಾರ ಅಪ್ಪನ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ಗೊರಿಲ್ಲಾ ಬಿಟ್ಟೆ.

ಇನ್ನು ಎರಡು ಪ್ರಶ್ನೆ. ಊಟಕ್ಕೆ ಏನು ಮಾಡುವುದು? ಒಳಗೆ ಇರುವ ದೊಡ್ಡ ಲಾಡ್ಜಿನ ಬೆಲೆ ನಮ್ಮ ಕೈಗೆ ಎಟುಕುವುದಿಲ್ಲ. ಮತ್ತೆ ಆ ಕಡೆ ದನಗಳಿಗಾಗಿ ಗುಂಪುಗಳ ನಡುವೆ ಹೊಡೆದಾಟ ಆಗುತ್ತದೆ ಅಂತ ಓದಿದೆ, ಅಮ್ಮನಿಗೆ ಅದೇ ಭಯ. ಇಕ್ ಅನ್ನುವ ಜನರ ಹಳ್ಳಿಗೆ ಬೆಟ್ಟ ಹತ್ತಿ ಹೋಗಬಹುದು ಅಂತಲೂ ಇದೆ. ಅದು ನೋಡುವಂಥದ್ದಾ, ಅಥವಾ ಜನರನ್ನು ಪ್ರದರ್ಶನಕ್ಕೆ ಇಟ್ಟ ಹಾಗೆ ಇರುತ್ತದಾ?

ಕಂಪಾಲದಲ್ಲಿ_ಹನ್ನೊಂದು_ವರ್ಷ:

ನಮಸ್ಕಾರ, ನಾನು ಕಂಪಾಲದಲ್ಲಿದ್ದೇನೆ, ಊರು ತುಮಕೂರು. ಕಿಡೆಪೊಗೆ ನಾಲ್ಕು ಸಲ ಹೋಗಿದ್ದೇನೆ.

ಊಟದ್ದು ಮೊದಲು. ಅಪೊಕಾ ಅನ್ನುವ ಜಾಗದಲ್ಲಿ ಯುಗಾಂಡಾ ವೈಲ್ಡ್‌ಲೈಫ್ ಅಥಾರಿಟಿಯ ಗುಡಿಸಲಿನಂಥ ಕೋಣೆಗಳಿವೆ, ಬಂಡಾ ಅನ್ನುತ್ತಾರೆ. ಸಾದಾ ಇವೆ, ಹಾಸಿಗೆ, ಸೊಳ್ಳೆಪರದೆ, ಅಷ್ಟೇ. ಕರೆಂಟು ಇಡೀ ದಿನ ಇರುತ್ತದೆ ಅಂತ ನಂಬಬೇಡಿ. ಕ್ಯಾಂಟೀನು ಇದೆ, ಮೊದಲೇ ಹೇಳಿದರೆ ಅನ್ನ, ಬೀನ್ಸ್, ಚಪಾತಿ, ಸೊಪ್ಪಿನ ಪಲ್ಯ ಮಾಡಿಕೊಡುತ್ತಾರೆ. ಹೌದು, ಚಪಾತಿಯೇ. ಭಾರತದಿಂದ ಬಂದವರ ಜೊತೆ ಬಂದು ಈಗ ಅವರದೇ ಆಗಿಹೋಗಿದೆ, ಹೆಸರೂ ಅದೇ. ಅಕ್ಕಿ, ಬೇಳೆ, ಉಪ್ಪಿನಕಾಯಿ, ಅವಲಕ್ಕಿ ಕಂಪಾಲದ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ, ಸಣ್ಣ ಗ್ಯಾಸ್ ಸ್ಟೌ ಜೊತೆ ಒಯ್ಯಿರಿ. ಶುಗರ್ ಇರುವವರಿಗೆ ಹೊತ್ತಿಗೆ ಸರಿಯಾಗಿ ತಿನ್ನುವುದು ಮುಖ್ಯ ಅಲ್ವಾ, ಗಾಡಿಯಲ್ಲಿ ಒಂದು ಡಬ್ಬಿ ಯಾವಾಗಲೂ ಇರಲಿ.

ಮೇಷ್ಟ್ರಿಗೆ ಒಂದು ಮಾತು ಹೇಳಿ. ದಾರಿಯ ಊರುಗಳಲ್ಲಿ ಕಾಲೊ ಸಿಕ್ಕರೆ ತಿನ್ನದೆ ಬರಬಾರದು. ಅದು ರಾಗಿ ಮುದ್ದೆಯೇ, ಮರಗೆಣಸಿನ ಹಿಟ್ಟು ಬೆರೆಸಿ ತೊಳಸುತ್ತಾರೆ. ರಾಗಿ ನಮ್ಮ ಊರಿಗೆ ಬಂದಿದ್ದೇ ಪೂರ್ವ ಆಫ್ರಿಕದ ಎತ್ತರದ ನಾಡಿನಿಂದ, ಸಾವಿರಾರು ವರ್ಷದ ಹಿಂದೆ. ಮೊದಲ ಸಲ ಅದನ್ನು ಮುರಿದು ಬಾಯಿಗಿಟ್ಟಾಗ ನನಗೆ ಅಜ್ಜಿ ಮನೆ ನೆನಪಾಗಿ ಗಂಟಲು ಕಟ್ಟಿತು. ನೆಂಚಿಕೊಳ್ಳಲು ಬಸ್ಸಾರು ಇಲ್ಲ, ಶೇಂಗಾ ಗೊಜ್ಜು ಕೊಡುತ್ತಾರೆ. ಅದೂ ಚೆನ್ನಾಗಿರುತ್ತದೆ.

ಸುರಕ್ಷತೆ ಬಗ್ಗೆ ಅಮ್ಮನ ಭಯ ಸುಳ್ಳಲ್ಲ. ಕಿಡೆಪೊ ಇರುವ ಕರಮೋಜ ಸೀಮೆಯಲ್ಲಿ ದನ ಹೊಡೆದುಕೊಂಡು ಹೋಗುವ ಜಗಳ ಹಳೆಯದು, ಬಂದೂಕು ಬಂದ ಮೇಲೆ ಜೀವ ಹೋಗುವುದು ಜಾಸ್ತಿಯಾಯಿತು. ಸರ್ಕಾರ ಬಂದೂಕು ವಾಪಸ್ ತೆಗೆದುಕೊಂಡ ಮೇಲೆ ಹಲವು ವರ್ಷ ತಣ್ಣಗಿತ್ತು, ಇತ್ತೀಚಿನ ವರ್ಷಗಳಲ್ಲಿ ಆಗಾಗ ಮತ್ತೆ ಆಗಿದೆ. ಪ್ರವಾಸಿಗಳ ಮೇಲಲ್ಲ, ದನದ ಮೇಲೆ ಅವರ ಕಣ್ಣು. ಆದರೂ ಮೊರೊಟೊ, ಕೊಟಿಡೊ ಮೇಲಿನ ದಾರಿ ಬೇಡ, ಗುಲು, ಕಿಟ್ಗುಮ್ ದಾರಿಯೇ ಹಿಡಿಯಿರಿ. ಕತ್ತಲಾದ ಮೇಲೆ ರಸ್ತೆಯಲ್ಲಿ ಇರಬೇಡಿ. ಹೊರಡುವ ವಾರ ಪಾರ್ಕಿನ ಕಚೇರಿಗೆ ಫೋನ್ ಮಾಡಿ ಕೇಳಿ, ಕಂಪಾಲದ ಭಾರತದ ಹೈಕಮಿಷನ್ ಏನು ಹೇಳಿದೆ ಅಂತಲೂ ನೋಡಿ. ಇದೆಲ್ಲ ತೀರಾ ತಲೆನೋವು ಅನ್ನಿಸಿದರೆ ಎಂಟೆಬೆಯಿಂದ ಸಣ್ಣ ವಿಮಾನ ಇದೆ, ಕಾಡಿನ ಒಳಗಿನ ಏರ್‌ಸ್ಟ್ರಿಪ್ಪಿಗೇ ಇಳಿಸುತ್ತದೆ. ಬೆಲೆ ಜಾಸ್ತಿ, ಲಗೇಜು 15 ಕೆಜಿ ಮಾತ್ರ. ನಿಮ್ಮ ಜಾಗದಲ್ಲಿ ನಾನಿದ್ದರೆ ಹೋಗುವಾಗ ರಸ್ತೆ ಹಿಡಿಯುತ್ತಿದ್ದೆ. ಕರುಮಾದಲ್ಲಿ ನೈಲ್ ದಾಟುವುದು, ಆಮೇಲೆ ನಿಧಾನವಾಗಿ ಮನೆಗಳು ಕಮ್ಮಿಯಾಗುತ್ತಾ ಬೆಟ್ಟ ಏಳುವುದು, ಅದೂ ಪ್ರವಾಸವೇ.

ಇಕ್ ಜನರ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಬಂದವರಲ್ಲಿ ಜಾಸ್ತಿ ಜನ ಕೇಳುವುದೇ ಇಲ್ಲ. 1958ರಲ್ಲಿ ಆ ಕಾಡು ಮೀಸಲಾಯಿತು, 1962ರಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ, ರಾಷ್ಟ್ರೀಯ ಉದ್ಯಾನವಾಯಿತು. ಆ ಕಣಿವೆಯಲ್ಲಿ ಬೇಟೆಯಾಡಿ, ಜೇನು ಇಳಿಸಿ ಬದುಕುತ್ತಿದ್ದವರು ಇಕ್ ಜನ. ಅವರನ್ನು ಹೊರಗೆ ಹಾಕಿದರು. ಈಗ ಮೊರುಂಗೊಲೆ ಬೆಟ್ಟದ ಮೇಲೆ ಮತ್ತು ಆಸುಪಾಸಿನಲ್ಲಿ ಇದ್ದಾರೆ. ನಾವು ಗಾಡಿಯಲ್ಲಿ ಕೂತು ಖುಷಿಪಡುವ ಆ ಖಾಲಿ ಬಯಲು ಹುಟ್ಟಾ ಖಾಲಿ ಇರಲಿಲ್ಲ. ನಿಮ್ಮ ತಂದೆ ಹುಣಸೂರಿನ ಕಡೆ ಪಾಠ ಹೇಳಿದವರು ಅಂದರೆ ನಾಗರಹೊಳೆಯಿಂದ ಹೊರಗೆ ತಂದ ಜೇನುಕುರುಬರ ಮಕ್ಕಳು ಅವರ ತರಗತಿಯಲ್ಲಿ ಕೂತಿರಬಹುದು. ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಒಂದು ಸಲ ಹತ್ತಿದ್ದೇನೆ. ಕಡಿದಾದ ದಾರಿ, ಏರಲು ಮೂರ್ನಾಲ್ಕು ಗಂಟೆ, ಬೆಟ್ಟದ ನೆತ್ತಿ 2,700 ಮೀಟರಿಗೂ ಎತ್ತರ, ಆದರೆ ಹಳ್ಳಿಗೆ ಅಷ್ಟು ಮೇಲಕ್ಕೆ ಹೋಗಬೇಕಾಗಿಲ್ಲ. ರೇಂಜರ್ ಜೊತೆಗೇ ಹೋಗಬೇಕು. ಹಳ್ಳಿಯ ಸುತ್ತ ಕಟ್ಟಿಗೆಯ ಗಟ್ಟಿ ಬೇಲಿ, ಒಳಗೆ ಹೋಗಲು ಬಗ್ಗಿ ತೂರುವಷ್ಟೇ ಸಣ್ಣ ಬಾಗಿಲು. ನಾನು ತಲೆ ತಗ್ಗಿಸಿ ಒಳಗೆ ಹೋದಾಗ ಒಬ್ಬ ಅಜ್ಜಿ ಜೋಳ ಕುಟ್ಟುತ್ತಿದ್ದರು, ಒನಕೆ ನಿಲ್ಲಿಸಲಿಲ್ಲ, ಕೂತುಕೋ ಅಂತ ಗಲ್ಲದಲ್ಲೇ ಜಾಗ ತೋರಿಸಿದರು. ಕುಣಿದು ತೋರಿಸಿ ಅಂತ ನಾವು ಕೇಳಲಿಲ್ಲ. ಅರ್ಧ ಗಂಟೆ ಕೂತೆವು, ಅವರ ಹತ್ತಿರ ಎರಡು ಬಾಟಲಿ ಜೇನು ಕೊಂಡೆವು, ಬಂದೆವು. ಹೀಗೆ ಹೋಗುವುದಾದರೆ ಹೋಗಿ. ಕ್ಯಾಮೆರಾ ಹಿಡಿದು ಮಕ್ಕಳಿಗೆ ಮಿಠಾಯಿ ಹಂಚಲು ಹೋಗುವುದಾದರೆ ಬೇಡ. 68ರಲ್ಲಿ ಆ ಏರು ಸುಲಭ ಅಲ್ಲ, ಮೊದಲ ಎರಡು ದಿನ ಬಿಸಿಲು ಹೇಗೆ ಒಗ್ಗುತ್ತದೆ ನೋಡಿ ತೀರ್ಮಾನ ಮಾಡಿ.

ಅಂದಹಾಗೆ ಮುಂಬೈನಿಂದ ಎಂಟೆಬೆಗೆ ಯುಗಾಂಡಾ ಏರ್‌ಲೈನ್ಸ್ 2023ರ ಅಕ್ಟೋಬರಿನಲ್ಲಿ ನೇರ ವಿಮಾನ ಶುರುಮಾಡಿತು. ದಿನಾಂಕ ಹೊಂದಿದರೆ ಅದೇ ಹಿಡಿಯಿರಿ, ಬೇರೆ ಊರಿನಲ್ಲಿ ಇಳಿದು ಹತ್ತಿ ಅಪ್ಪನನ್ನು ದಣಿಸುವುದು ತಪ್ಪುತ್ತದೆ. ವೀಸಾ ಆನ್‌ಲೈನಿನಲ್ಲೇ, 50 ಡಾಲರ್. ಹಳದಿ ಕಾರ್ಡನ್ನು ಅದಕ್ಕೂ ಅಪ್‌ಲೋಡ್ ಮಾಡಬೇಕು, ಆದ್ದರಿಂದ ಲಸಿಕೆ ಮೊದಲು, ವೀಸಾ ಆಮೇಲೆ.

ಕಾಡುಪಾಪ_ಮೈಸೂರು:

ಇವತ್ತು ಸಂಜೆ ನಿಮ್ಮೆಲ್ಲರ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. ರಾಗಿ ವಿಷಯ ಬಂದಾಗ "ಗೊತ್ತು ಗೊತ್ತು" ಅಂದರು. ಇಕ್ ಜನರ ವಿಷಯ ಬಂದಾಗ ಸುಮ್ಮನಾದರು. ಆಮೇಲೆ ತಮ್ಮ ಹಳೆಯ ಮೂವರು ವಿದ್ಯಾರ್ಥಿಗಳ ಹೆಸರು ಹೇಳಿ, ಅವರ ಹಾಡಿ ಮೊದಲು ಕಾಡಿನೊಳಗೆ ಎಲ್ಲಿತ್ತು ಅಂತ ಪೇಪರಿನ ಅಂಚಿನಲ್ಲಿ ಗೆರೆ ಎಳೆದು ತೋರಿಸಿದರು. ಬೆಟ್ಟ ಹತ್ತುತ್ತೇನೆ ಅಂತಿದ್ದಾರೆ. ನೋಡೋಣ.

ಸದ್ಯಕ್ಕೆ ಹೀಗೆ ಅಂದುಕೊಂಡಿದ್ದೇವೆ: ಎಂಟೆಬೆಯಲ್ಲಿ ಒಂದು ರಾತ್ರಿ, ಜೀವಾ ನೋಡಿಕೊಂಡು ಗುಲುವಿನಲ್ಲಿ ಒಂದು, ಅಪೊಕಾದಲ್ಲಿ ನಾಲ್ಕು, ಬರುವಾಗ ಮರ್ಚಿಸನ್‌ನಲ್ಲಿ ಎರಡು, ಮಿಕ್ಕಿದ್ದು ಕೈಯಲ್ಲಿರಲಿ. ಡಾಕ್ಟರು ಲಸಿಕೆಗೆ ಒಪ್ಪಿದರೆ ಮಾತ್ರ ಟಿಕೆಟ್. ಬಟ್ಟೆಬರೆ ಬಗ್ಗೆ ಏನಾದರೂ ಇದ್ದರೆ ಹೇಳಿ.

ದೂರದಾರಿ:

ಅಪೊಕಾದಲ್ಲಿ ನಾಲ್ಕು, ಅದು ಸರಿ.

ಬಟ್ಟೆ ಬಗ್ಗೆ ಒಂದೇ ಮಾತು. ಕಿಡೆಪೊ ಕಣಿವೆಗೆ ಹೋಗುವ ದಾರಿಯಲ್ಲಿ ತ್ಸೆತ್ಸೆ ನೊಣ ಇದೆ. ನಮ್ಮ ದನದ ನೊಣದ ಹಾಗೆ ಕಾಣುತ್ತದೆ, ಕೂತಿದ್ದು ಗೊತ್ತಾಗುವುದಿಲ್ಲ, ಕಚ್ಚಿದರೆ ಸೂಜಿ ಚುಚ್ಚಿದ ಹಾಗೆ, ಜೀನ್ಸ್ ಬಟ್ಟೆಯ ಮೇಲಿಂದಲೂ ಕಚ್ಚುತ್ತದೆ. ನೀಲಿ ಮತ್ತು ಕಪ್ಪು ಬಣ್ಣ ಕಂಡರೆ ಬಂದು ಮುತ್ತುತ್ತದೆ, ಅದನ್ನು ಹಿಡಿಯಲು ಕಾಡಿನಲ್ಲಿ ಕಟ್ಟುವ ಬಲೆಯ ಬಟ್ಟೆಯೂ ನೀಲಿ, ಕಪ್ಪು. ನನ್ನ ಹೆಂಡತಿ ನೀಲಿ ದುಪಟ್ಟಾ ಹಾಕಿಕೊಂಡಿದ್ದಳು, ಒಂದು ಗಂಟೆಯಲ್ಲಿ ತೆಗೆದು ಚೀಲದ ತಳಕ್ಕೆ ತುರುಕಿದಳು. ಖಾಕಿ, ತಿಳಿ ಕಂದು, ಉದ್ದ ತೋಳು, ತೆಳು ಹತ್ತಿ. ಬೆಳಗ್ಗೆ ತೆರೆದ ಗಾಡಿಯಲ್ಲಿ ಚಳಿ ಇರುತ್ತದೆ, ಅದಕ್ಕೆ ಒಂದು ಸ್ವೆಟರ್ ಇರಲಿ, ಆದರೆ ಮೇಷ್ಟ್ರುಗಳ ಹತ್ತಿರ ಸಾಮಾನ್ಯವಾಗಿ ಇರುವ ಆ ನೀಲಿ ಸ್ವೆಟರ್ ಬೇಡ, ಅದನ್ನು ಮೈಸೂರಿನಲ್ಲೇ ಬಿಟ್ಟು ಬನ್ನಿ.